ಗಂಗಕ್ಕ ನೆಲದಡಿಯ ರೈಲು ನೋಡಲು ಹೋದದ್ದು

ರೈಲು ಸುರಂಗಕ್ಕೆ ನುಗ್ಗುವ ಮುಂಚೆ ಒಂದು ಕ್ಷಣ ಗಾಳಿಯ ವಾಸನೆ ಬದಲಾಗುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ. ಅಲ್ಲಿಯವರೆಗೆ ಕಿಟಕಿಯಲ್ಲಿ ಗದ್ದೆ, ತೆಂಗು, ಹೊಳೆಯ ಕೆಸರು ಎಲ್ಲ ಬೆರೆತ ಬೆಚ್ಚಗಿನ ಗಾಳಿ ಇರುತ್ತದೆ. ಅದು ಒಮ್ಮೆಲೇ ಕಳಚಿಕೊಂಡು ಒದ್ದೆ ಕಲ್ಲಿನ ತಣ್ಣನೆ ವಾಸನೆ ಮುಖಕ್ಕೆ ಬರುತ್ತದೆ. ಕುಮಟಾದಿಂದ ಭಟ್ಕಳದ ಕಡೆ ಹೋಗುವಾಗಲೆಲ್ಲ ಆ ವಾಸನೆ ಬಂದ ಕೂಡಲೇ ನನ್ನ ಕಣ್ಣು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಇದು ನನ್ನ ಹಳೆಯ ಚಾಳಿ. ಎದುರು ಕೂತವರು ನಿದ್ದೆ ಬಂತು ಅಂದುಕೊಳ್ಳುತ್ತಾರೆ. ಒಮ್ಮೆ ಭಟ್ಕಳದ ಒಬ್ಬರು ಅಜ್ಜ, "ಬೇಟೀ, ತಬಿಯತ್ತು ಸರಿ ಇಲ್ವಾ?" ಅಂತ ಕೇಳಿ ಒಂದು ಮೂಸಂಬಿ ಸುಲಿದು ಕೊಟ್ಟರು. ನನ್ನ ತಬಿಯತ್ತು ಗುಂಡುಕಲ್ಲಿನ ಹಾಗಿತ್ತು. ಆದರೂ ತಿಂದೆ. ಸುಲಿದು ಕೊಟ್ಟ ಹಣ್ಣನ್ನು ಬೇಡ ಅನ್ನುವ ವಂಶ ನಮ್ಮದಲ್ಲ.

ಕಣ್ಣು ಮುಚ್ಚಿದರೆ ಈಶ್ವರ ಚಿಕ್ಕಪ್ಪ ಕಾಣುತ್ತಾನೆ. ಅಪ್ಪನ ಕೊನೆಯ ತಮ್ಮ. ನಮ್ಮ ಮನೆ ಧಾರೇಶ್ವರದಲ್ಲಿ, ಹೆದ್ದಾರಿಗೂ ಸಮುದ್ರಕ್ಕೂ ನಡುವೆ. ಅಪ್ಪ ಕನ್ನಡ ಶಾಲೆಯ ಮಾಸ್ತರರು. ಚಿಕ್ಕಪ್ಪನಿಗೆ ಶಾಲೆ ಹಿಡಿಸಲಿಲ್ಲ. ಕರಾವಳಿಗೆ ರೈಲು ಬರುತ್ತದೆ ಅಂತ ಗುಡ್ಡ ಕೊರೆಯಲು ಶುರು ಮಾಡಿದಾಗ ಹೊನ್ನಾವರದ ಬದಿಯ ಒಂದು ಸುರಂಗದ ಕೆಲಸಕ್ಕೆ ಸೇರಿಕೊಂಡ. ಮೊದಲು ನೀರಿನ ಪೈಪು ಹಿಡಿಯುವವನಾಗಿದ್ದ, ಆಮೇಲೆ ಡ್ರಿಲ್ ಹಿಡಿಯುವವನಾದ. ವಾರಕ್ಕೊಮ್ಮೆ ಮನೆಗೆ ಬಂದರೆ ಹುಬ್ಬಿನಲ್ಲಿ, ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ಅಮ್ಮ ಹಂಡೆಯಿಂದ ಬಿಸಿನೀರು ತೋಡಿ ಕೊಡುತ್ತ, "ನಿನ್ನ ಕಿವಿಯಲ್ಲಿ ಎರಡು ಬದನೆ ಗಿಡ ನೆಡಲಕ್ಕು ಮಾರಾಯ" ಅನ್ನುತ್ತಿದ್ದಳು.

ನಾನಾಗ ಕುಮಟಾದಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಜಗತ್ತಿನಲ್ಲಿ ಗೊತ್ತಿರಬೇಕಾದ್ದೆಲ್ಲ ಗೊತ್ತಿದೆ ಎಂಬ ವಯಸ್ಸು. ಅಂಥವಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಚಿಕ್ಕಪ್ಪ ಒಂದು ಸಂಜೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಗುಡ್ಡವನ್ನು ಎರಡೂ ಕಡೆಯಿಂದ ಕೊರೆಯುತ್ತ ಬರುತ್ತಾರೆ. ನಡುವೆ ಕಲ್ಲು ತೆಳ್ಳಗಾಗುತ್ತ ಹೋಗುತ್ತದೆ.

"ಆಚೆ ಬದಿ ಮನುಷ್ಯರು ಇದ್ದಾರೆ ಅಂತ ಗೊತ್ತು ಶಾಲಿ. ಅವರ ಡ್ರಿಲ್ಲಿನ ಸದ್ದು ನಮ್ಮ ಹಲ್ಲಿಗೆ ಗೊತ್ತಾಗ್ತದೆ. ಕಾಣೂದಿಲ್ಲ ಅಷ್ಟೇ. ಹಂಗೇ ಇರುವಾಗ ನಿನ್ನೆ ಒಂದು ಕಲ್ಲು ಕಳಚಿ ಬಿತ್ತು. ತೆಂಗಿನಕಾಯಿ ಹೋಗುವಷ್ಟು ತೂತು. ಅದರಿಂದ ಗಾಳಿ ಬಂತು ನೋಡು! ಆ ಗುಡ್ಡ ಹುಟ್ಟಿದಾಗಿಂದ ಅದರ ಹೊಟ್ಟೆಯಲ್ಲಿ ಗಾಳಿ ಆಡಿದ್ದೇ ಇಲ್ಲ. ಮೊದಲನೇ ಗಾಳಿ ನಮ್ಮ ಮುಖಕ್ಕೇ ಬಂತು. ಆಚೆ ಬದಿಯಿಂದ ಯಾರೋ ಕೈ ಹಾಕ್ದ. ಯಾರ ಕೈ, ಯಾವ ಊರಿಂದು, ಎಂತದೂ ಗೊತ್ತಿಲ್ಲ. ಹಿಡ್ಕಂಡೆ."

ಹೇಳುವಾಗ ಅವನ ಬಲಗೈ ಹಿಡಿದುಕೊಂಡ ಭಂಗಿಯಲ್ಲೇ ಇತ್ತು. ಗಾಳಿಯೂ ಒಂದು ದಿನ ಹುಟ್ಟುತ್ತದೆ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಆ ಕೆಂಪು ಮಣ್ಣಿನ ದಿನಗಳಲ್ಲೇ ಅವನಿಗೆ ನಾಗವೇಣಿ ಕಂಡದ್ದು. ಕರ್ಕಿಯ ಗಂಗಕ್ಕನ ಒಬ್ಬಳೇ ಮಗಳು. ಗಂಗಕ್ಕ ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ಹರಿವೆ, ಬದನೆ, ಗೆಣಸು, ಈರುಳ್ಳಿ ಬೆಳೆಯುತ್ತಿದ್ದಳು. ಸುರಂಗದ ಕೆಲಸಗಾರರ ಶೆಡ್ಡುಗಳಿಗೆ ಅವಳೂ ಮಗಳೂ ಬುಟ್ಟಿ ಹೊತ್ತು ಬರುತ್ತಿದ್ದರು. ಚಿಕ್ಕಪ್ಪ ಬೇಕಿರಲಿ ಬೇಡದಿರಲಿ ಹರಿವೆ ಕೊಳ್ಳುತ್ತಿದ್ದ. ಅವನ ಜೊತೆಯವರು ಹರಿವೆ ಸಾರು ಉಂಡು ಉಂಡು ಬೇಸತ್ತು, "ಮಾರಾಯ, ಆ ಹುಡುಗಿಯ ಹತ್ರ ಬದನೆಯೂ ಇರ್ತದೆ, ಒಂದು ದಿನ ಕೇಳು" ಅಂತ ಕೈ ಮುಗಿದಿದ್ದರಂತೆ. ನಾಗವೇಣಿ ಹೊನ್ನಾವರದಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಮಾತು ಕಡಿಮೆ. ನಕ್ಕರೆ ಮಾತ್ರ ಪೂರ್ತಿ ನಗುತ್ತಿದ್ದಳು.

ಅಪ್ಪ ಹೆಣ್ಣು ಕೇಳಲು ಕರ್ಕಿಗೆ ಹೋದಾಗ ನಾನೂ ಜೊತೆಗಿದ್ದೆ. ಗಂಗಕ್ಕ ಬೆಲ್ಲ, ನೀರು ತಂದಿಟ್ಟಳು. ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

"ಮಾಸ್ತರ್ರೆ, ನಿಮ್ಮ ತಮ್ಮ ಒಳ್ಳೆಯಂವ. ಕುಡಿಯೂದಿಲ್ಲ, ಸೇದೂದಿಲ್ಲ, ಅದೆಲ್ಲ ಕೇಳ್ಕಂಡಿದ್ದೆ. ನೆಲದ ಮೇಲೆ ಎಂತ ಕೆಲಸ ಮಾಡೂದಾದ್ರೂ ಮಾಡ್ಲಿ, ನಾಳೆನೇ ಕೊಡ್ತೆ. ನೆಲದ ಒಳಗೆ ಹೋಗೋನಿಗೆ ನನ್ನ ಹುಡ್ಗಿ ಇಲ್ಲ."

ಅವಳ ಗಂಡ ಬಾವಿ ತೋಡುವವನಾಗಿದ್ದ. ಕರ್ಕಿಯ ಸುತ್ತಮುತ್ತ ಅವನು ತೋಡಿದ ಬಾವಿಗಳಲ್ಲಿ ಇವತ್ತಿಗೂ ನೀರಿದೆ. ನಾಗವೇಣಿ ತೊಟ್ಟಿಲಲ್ಲಿದ್ದಾಗ ಯಾರದೋ ಹಿತ್ತಿಲಲ್ಲಿ ಹೊಸ ಬಾವಿಯ ಕೆಲಸ. ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುತ್ತಿದ್ದವಳು ಗಂಗಕ್ಕನೇ. ಕೆಳಗಿನಿಂದ ಹಾರೆಯ ಸದ್ದು ಬರುತ್ತಿತ್ತು. ಆಮೇಲೆ ಮಣ್ಣು ಕುಸಿದ ಸದ್ದು. ಆಮೇಲೆ ಸದ್ದೇ ಇಲ್ಲ. ಇದನ್ನು ಅವಳು ಅವತ್ತು ಹೇಳಲಿಲ್ಲ, ದಾರಿಯಲ್ಲಿ ಅಪ್ಪ ಹೇಳಿದರು. ಅಪ್ಪನಿಗೂ ಅದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೇಳಲು ಹೋಗಿದ್ದರು, ತಮ್ಮನ ಮೇಲಿನ ಅಕ್ಕರೆ.

ಗಂಗಕ್ಕನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವಳು ಹಾಡುವವಳು. ಕರ್ಕಿಯಿಂದ ಕುಮಟಾದವರೆಗೆ ಅವರ ಕಡೆಯವರ ಯಾವ ಮದುವೆಯಾದರೂ ಗಂಗಕ್ಕನ ಹಾಡಿಲ್ಲದೆ ಅರಿಶಿಣ ಕಲಸುತ್ತಿರಲಿಲ್ಲ. ಅಡಕೆ ಒಡೆಯುವುದಕ್ಕೆ ಒಂದು ಹಾಡು, ಹೆಣ್ಣಿಗೆ ಎಣ್ಣೆ ಹಚ್ಚುವುದಕ್ಕೆ ಒಂದು, ದಿಬ್ಬಣ ಹೊಳೆ ದಾಟುವುದಕ್ಕೆ ಒಂದು. ಆ ಹಾಡುಗಳನ್ನು ಒಬ್ಬರೇ ಹಾಡುವಂತಿಲ್ಲ. ಒಬ್ಬರು ಒಂದು ಸೊಲ್ಲು ಹೇಳಿದರೆ ಇನ್ನೊಬ್ಬರು ಅದನ್ನೇ ಹಿಡಿದು ತಿರುಗಿ ಹೇಳಬೇಕು. ಗಂಗಕ್ಕ ಹೇಳಿದ್ದನ್ನು ಹಿಡಿಯುವವಳು ನಾಗವೇಣಿ. ತಾಯಿಯ ದನಿ ಮುಗಿಯುವ ತುದಿಯಲ್ಲೇ ಮಗಳ ದನಿ ಶುರುವಾಗುತ್ತಿತ್ತು. ಕಣ್ಣು ಮುಚ್ಚಿ ಕೇಳಿದರೆ ಎಲ್ಲಿ ಒಬ್ಬಳು ನಿಲ್ಲಿಸಿದಳು, ಎಲ್ಲಿ ಇನ್ನೊಬ್ಬಳು ಹಿಡಿದಳು ತಿಳಿಯುತ್ತಲೇ ಇರಲಿಲ್ಲ.

ಕರಾವಳಿಯಲ್ಲಿ ರೈಲು ಓಡತೊಡಗಿತು. ಜನ ಹಬ್ಬಕ್ಕೆ ಹೊರಟವರಂತೆ ಬುತ್ತಿ ಕಟ್ಟಿಕೊಂಡು, ಕೆಲಸವಿಲ್ಲದಿದ್ದರೂ ಭಟ್ಕಳಕ್ಕೆ ಹೋಗಿ ಬಂದರು. ಗಂಗಕ್ಕ ಮಾತ್ರ ಈರುಳ್ಳಿಯ ಗೊಂಚಲು ಹೊತ್ತು ಬಸ್ಸಿನಲ್ಲೇ ಹೋದಳು. ಚಿಕ್ಕಪ್ಪನ ಕೆಲಸ ಮುಗಿದಿತ್ತು. ಕೆಲವು ತಿಂಗಳು ಅವನು ಮನೆಯಲ್ಲಿ ಸುಮ್ಮನೆ ಕೂತ. ಅಂಗಡಿ ಹಾಕು ಅಂದರು, ಟೆಂಪೊ ಕಲಿ ಅಂದರು. ಅವನು ಎಲ್ಲದಕ್ಕೂ ಆತು ಅಂದ, ಯಾವುದನ್ನೂ ಮಾಡಲಿಲ್ಲ. ಕೊನೆಗೆ ಸುರಂಗದಲ್ಲಿ ಅವನ ಮೇಲಿನವನಾಗಿದ್ದ ಒಬ್ಬ ಬಿಹಾರಿ ಮೇಸ್ತ್ರಿ ಫೋನು ಮಾಡಿದ. ದಿಲ್ಲಿಯಲ್ಲಿ ಊರಿನ ಕೆಳಗೇ ರೈಲು ಮಾಡುತ್ತಿದ್ದಾರೆ, ಬಾ ಅಂದ.

ಹೋಗುವ ಮುಂಚೆ ಅವನು ಕರ್ಕಿಗೆ ಹೋಗಿ ನಾಗವೇಣಿಗೆ ಹೇಳಿ ಬಂದ. ಅವಳು ಅಂಗಳದಲ್ಲಿ ಗೆಣಸು ಒಣಗಿಸುತ್ತಿದ್ದಳಂತೆ. "ಬಿಡು ಅಂತ ನೀನೂ ಹೇಳಿದ್ರೆ ಬಿಡ್ತೆ" ಅಂದನಂತೆ ಇವನು. ಅವಳು ತಲೆ ಎತ್ತದೆ, "ನಾ ಹೇಳೂದಿಲ್ಲ. ಅವ್ವಿ ಮಾತು ಮೀರೂದೂ ಇಲ್ಲ. ಹೋಗಿ ಬನ್ನಿ" ಅಂದಳಂತೆ. ಅಷ್ಟೇ. ಇದಕ್ಕೆ ಒಪ್ಪಿಗೆ ಅನ್ನಬೇಕೋ ನಿರಾಕರಣೆ ಅನ್ನಬೇಕೋ ತಿಳಿಯದೆ ಅವನು ದಿಲ್ಲಿ ತಲುಪುವವರೆಗೂ ಯೋಚಿಸಿದ್ದನಂತೆ.

ಆಮೇಲೆ ಅವನು ವರ್ಷಕ್ಕೊಮ್ಮೆ ಚೌತಿಗೆ ಬರುತ್ತಿದ್ದ. ಬಂದ ಮಾರನೇ ದಿನ ನನ್ನನ್ನು ಸಮುದ್ರದ ಬದಿಗೆ ಕರೆದುಕೊಂಡು ಹೋಗಿ ದಿಲ್ಲಿಯ ರೈಲು ತೋರಿಸುತ್ತಿದ್ದ. ಅಂದರೆ, ನೀರು ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಹಿಮ್ಮಡಿಯಿಂದ ಗೆರೆ ಎಳೆಯುತ್ತ ಹಿಂದೆ ಹಿಂದೆ ನಡೆಯುವುದು. ಅವನ ದಿಲ್ಲಿಗೆ ನಮ್ಮ ಊರುಗಳೇ ಅಳತೆಗೋಲು.

"ಇದು ವಿಶ್ವವಿದ್ಯಾಲಯ. ಇಲ್ಲಿಂದ ಶುರು. ಕುಮಟಾ ಅಂತ ತಿಳ್ಕ, ಕಾಲೇಜು ಮಕ್ಕಳೆಲ್ಲ ಇಲ್ಲೇ ಹತ್ತೂದು. ಇದು ಸಿವಿಲ್ ಲೈನ್ಸ್, ನಮ್ಮ ಧಾರೇಶ್ವರ, ಗಲಾಟೆ ಇಲ್ಲ. ಇದು ಕಾಶ್ಮೀರಿ ಗೇಟ್." ಹಿಮ್ಮಡಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. "ಇದು ಕರ್ಕಿ. ಮೇಲೊಂದು ಗಾಡಿ, ಕೆಳಗೊಂದು ಗಾಡಿ. ಇಲ್ಲಿ ಇಳ್ದು ಬದಲಾಯಿಸ್ಬೇಕು."

"ನಿಂಗೆ ಎಲ್ಲ ಗಾಡಿಯೂ ಕರ್ಕಿಯಲ್ಲೇ ನಿಲ್ತದೆ" ಅಂತ ನಾನು ಕೆಣಕುತ್ತಿದ್ದೆ.

"ಸುಮ್ನೆ ಕೇಳು. ಮುಂದೆ ಚಾಂದನಿ ಚೌಕ. ಹೊನ್ನಾವರದ ಬಜಾರು ಇದೆಯಲ್ಲ, ಅದರ ನೂರು ಪಟ್ಟು. ಆಮೇಲೆ ಚಾವ್ಡಿ ಬಜಾರು. ಇದು ಶರಾವತಿ ಹೊಳೆಯ ತಳ. ಈ ದಾರಿಯಲ್ಲಿ ಎಲ್ಲಕ್ಕಿಂತ ಆಳ ಇಲ್ಲೇ. ಆಮೇಲೆ ನವದೆಹಲಿ ಟೇಸನ್ನು. ಹಂಗೇ ಹೋಗಿ ಹೋಗಿ ಸರಕಾರದ ಕಚೇರಿಗಳ ಕೆಳಗೆ, ಕೇಂದ್ರ ಸಚಿವಾಲಯ. ಅದೇ ಭಟ್ಕಳ. ಸದ್ಯಕ್ಕೆ ಅಲ್ಲಿಗೆ ಮುಗೀತು. ಮುಂದೆ ಇನ್ನೂ ಉದ್ದ ಮಾಡ್ತ್ರಂತೆ."

ಗೆರೆ ಎಳೆದು ಮುಗಿದ ಮೇಲೆ ಇಬ್ಬರೂ ಒಣ ಮರಳಿನಲ್ಲಿ ಕೂರುತ್ತಿದ್ದೆವು. ಅವನು ಹೇಳುತ್ತಿದ್ದ, ನಾನು ತೆರೆ ನೋಡುತ್ತ ಕೇಳುತ್ತಿದ್ದೆ. ಚಾಂದನಿ ಚೌಕದ ಓಣಿಗಳಲ್ಲಿ ಹಿಂದೊಂದು ಕಾಲಕ್ಕೆ ಟ್ರಾಮು ಓಡುತ್ತಿತ್ತಂತೆ, ಗಂಟೆ ಬಡಿಯುತ್ತ, ಎತ್ತಿನ ಗಾಡಿಗಳ ನಡುವೆ. ಅದನ್ನು ಕಿತ್ತು ಹಾಕಿದರು. ಜನ ಹೆಚ್ಚಾದರು, ಗಾಡಿ ಹೆಚ್ಚಾದವು, ಓಣಿ ಇದ್ದಷ್ಟೇ ಉಳಿಯಿತು. ನೆಲದಡಿ ರೈಲು ಬಿಡಬೇಕು ಅಂತ ಕಾಗದದಲ್ಲಿ ಬರೆದು ಬರೆದು ಎಷ್ಟೋ ಸರಕಾರಗಳು ಬಂದು ಹೋದವು. ಕೊನೆಗೆ ಅಗೆಯಲು ಶುರು ಮಾಡಿದರು. ಅಗಲ ರಸ್ತೆ ಇದ್ದಲ್ಲಿ ಮೇಲಿನಿಂದಲೇ ಕಾಲುವೆಯ ಹಾಗೆ ತೋಡಿ, ರೈಲಿಗೆ ಜಾಗ ಮಾಡಿ, ಮತ್ತೆ ಮುಚ್ಚಿದರು. ಹಳೇ ದಿಲ್ಲಿಯಲ್ಲಿ ಅದು ನಡೆಯುವಂಥದ್ದಲ್ಲ. ಅಲ್ಲಿ ಮನೆಗಳು ಒಂದಕ್ಕೊಂದು ಆತುಕೊಂಡು ನಿಂತಿವೆ, ಸಣ್ಣ ಇಟ್ಟಿಗೆ, ಸುಣ್ಣದ ಗಾರೆ, ಮುಟ್ಟಿದರೆ ಉದುರುತ್ತವೆ. ಅದಕ್ಕೇ ದೊಡ್ಡ ಯಂತ್ರ ಇಳಿಸಿದರು. ಅದು ಹೆಗ್ಗಣದ ಹಾಗೆ ಮೂತಿ ತಿರುಗಿಸುತ್ತ ಮಣ್ಣಿನಲ್ಲಿ ಮುಂದೆ ಹೋಗುತ್ತದೆ, ಹಿಂದೆ ಹಿಂದೆ ಕಾಂಕ್ರೀಟಿನ ಬಳೆ ತೊಡಿಸುತ್ತ ಬರುತ್ತಾರೆ.

"ಮೇಲೆ ಒಬ್ಬ ಜಿಲೇಬಿ ಕರೀತಾ ಕೂತಿರ್ತ. ಅವನ ಬಾಣಲೆಯ ಎಣ್ಣೆ ಅಲುಗಬಾರ್ದು. ಹಂಗೆ ಹೋಗ್ಬೇಕು ನಾವು ಕೆಳಗೆ" ಅನ್ನುತ್ತಿದ್ದ ಚಿಕ್ಕಪ್ಪ.

ನನಗೆ ಆ ಸಂಜೆಗಳಲ್ಲಿ ಅನ್ನಿಸುತ್ತಿದ್ದುದು ವಿಚಿತ್ರ. ನಾವು ಕೂತ ಮರಳಿನ ಕೆಳಗೂ ಎಲ್ಲೋ ಒಂದು ಊರು ಇದ್ದು, ಅಲ್ಲಿಯ ಜನ ನಮ್ಮ ತೆರೆಯ ಸದ್ದನ್ನು ತಲೆಯ ಮೇಲೆ ಕೇಳುತ್ತ ಕೆಲಸಕ್ಕೆ ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು. ಅಷ್ಟರಲ್ಲಿ ನೀರು ಏರಿ ಬಂದು ಮೊದಲು ಭಟ್ಕಳವನ್ನು, ಆಮೇಲೆ ಹೊಳೆಯನ್ನು ಅಳಿಸುತ್ತಿತ್ತು. ಕರ್ಕಿಯನ್ನು ಮಾತ್ರ ಚಿಕ್ಕಪ್ಪ ತುಸು ಮೇಲೆಯೇ ಬರೆದಿರುತ್ತಿದ್ದ.

ಹೀಗೆ ವರ್ಷಗಳು ಹೋದವು. ನಾನು ಓದು ಮುಗಿಸಿ ಕೆಲಸ ಸಿಗದೆ, ಒಂದರ ಮೇಲೊಂದು ಹಿಂದಿ ಪರೀಕ್ಷೆ ಕಟ್ಟಿ ಪಾಸು ಮಾಡುತ್ತಿದ್ದೆ. ನಾಗವೇಣಿಗೆ ಸಂಬಂಧಗಳು ಬಂದವು. ಅಂಗಡಿಯವನು ಬಂದ, ಬಸ್ ಕಂಡಕ್ಟರ್ ಬಂದ, ಸಂತೆಗುಳಿಯ ಕಡೆಯ ಗದ್ದೆ ಇದ್ದವನೊಬ್ಬ ಬಂದ. ಎಲ್ಲರೂ ನೆಲದ ಮೇಲಿನವರು. ಅವಳು ಯಾರನ್ನೂ ಹೀಗಳೆಯಲಿಲ್ಲ, ಯಾರಿಗೂ ಹೂಂ ಅನ್ನಲಿಲ್ಲ. ಗಂಗಕ್ಕ ಬೈಯಲಿಲ್ಲ. ತಾಯಿ ಮಗಳು ಒಟ್ಟಿಗೆ ಗದ್ದೆಗೆ ಹೋಗುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು, ನಡುವೆ ಆ ಮಾತು ಮಾತ್ರ ಹಾಗೇ ಕೂತಿತ್ತು.

ಆಮೇಲೆ ಒಂದು ಬೇಸಿಗೆಯಲ್ಲಿ ಕರ್ಕಿಯಲ್ಲೊಂದು ಮದುವೆ. ನಾವೂ ಹೋಗಿದ್ದೆವು. ಹೆಣ್ಣಿಗೆ ಎಣ್ಣೆ ಹಚ್ಚುವ ಹೊತ್ತು. ಗಂಗಕ್ಕ ಎಂದಿನಂತೆ ಗೋಡೆಗೊರಗಿ ಕೂತು ಸೊಲ್ಲು ಎತ್ತಿದಳು. ದನಿ ಏರಿತು, ಇಳಿಯಿತು, ಮುಗಿಯಿತು. ನಾಗವೇಣಿ ಹಿಡಿಯಲಿಲ್ಲ. ಹಟದಿಂದ ಅಲ್ಲ, ಅದು ಎಲ್ಲರಿಗೂ ಕಾಣುತ್ತಿತ್ತು. ಬಾಯಿ ತೆರೆದಿದ್ದಳು, ದನಿ ಬರಲಿಲ್ಲ. ಗಂಗಕ್ಕ ಅದೇ ಸೊಲ್ಲನ್ನು ಮತ್ತೆ ಹೇಳಿದಳು. ಮತ್ತೆ ಸುಮ್ಮನೆ. ಎಣ್ಣೆಯ ಬಟ್ಟಲು ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಯಾರೋ ಬೇರೆಯವರು ಹಿಡಿದರು, ಹಾಡು ಹೇಗೋ ಕುಂಟುತ್ತ ಹೋಯಿತು. ನಾಗವೇಣಿ ಎದ್ದು ಹಿತ್ತಿಲಿಗೆ ಹೋದಳು.

ಆ ವರ್ಷ ಮಳೆಗಾಲದ ಹೊತ್ತಿಗೆ ದಿಲ್ಲಿಯ ನೆಲದಡಿಯ ದಾರಿ ಕೇಂದ್ರ ಸಚಿವಾಲಯದವರೆಗೆ ಪೂರ್ತಿ ಆಯಿತು. ಅಗೆಯುವ ಕೆಲಸ ಮುಗಿದರೂ ಚಿಕ್ಕಪ್ಪನಿಗೆ ಅಲ್ಲೇ ಹಳಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅದೂ ನೆಲದಡಿಯದೇ. ಅವನು ಫೋನು ಮಾಡಿ ಅಪ್ಪನಿಗೆ ಹೇಳಿದ: "ಅಣ್ಣ, ಗಂಗಕ್ಕನ್ನ ಒಂದು ಸಲ ಕರ್ಕಂಡು ಬಾ. ಹೆಣ್ಣು ಕೊಡಿ ಅಂತ ಕೇಳುಕೆ ಅಲ್ಲ. ನಾನು ಎಲ್ಲಿ ಇರ್ತೆ ಅಂತ ನೋಡ್ಲಿ."

ಅವಳು ಬರುತ್ತಾಳೆಂದು ನಮಗೆ ಯಾರಿಗೂ ನಂಬಿಕೆ ಇರಲಿಲ್ಲ. ನಾನು ಕರ್ಕಿಗೆ ಹೋಗಿ ಹೇಳಿದಾಗ ಗಂಗಕ್ಕ ಈರುಳ್ಳಿಯ ಜಡೆ ಹೆಣೆಯುತ್ತಿದ್ದಳು. ನಮ್ಮ ಕಡೆಯ ಸಿಹಿ ಈರುಳ್ಳಿ ನಿಮಗೆ ಗೊತ್ತಲ್ಲ, ಹುಲ್ಲು ಸಮೇತ ಹೆಣೆದು ಗೊಂಚಲು ಮಾಡುತ್ತಾರೆ. ಹೆಣೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಒಳಗೆ ಹೊಲಿಗೆ ಮಿಶಿನ್ನಿನ ಸದ್ದು ನಿಂತಿತು.

"ನೋಡಿ ಬಂದ್ರೆ ಕೊಡ್ತೆ ಅಂತ ಅಲ್ಲ ತಂಗಿ" ಅಂದಳು ಗಂಗಕ್ಕ.

"ಅಲ್ಲ ಗಂಗಕ್ಕ."

"ಸುಮ್ನೆ ನೋಡೂದು."

"ಹೌದು, ಸುಮ್ನೆ ನೋಡೂದು."

"ಅಲ್ಲಿಯೋರಿಗೆ ಇಂಥ ಈರುಳ್ಳಿ ಸಿಗ್ತದಾ?" ಅಂತ ಕೇಳಿ ಇನ್ನೊಂದು ಜಡೆ ಶುರು ಮಾಡಿದಳು. ಒಳಗೆ ಮಿಶಿನ್ನು ಮತ್ತೆ ಓಡತೊಡಗಿತು, ಈ ಸಲ ಬಹಳ ಜೋರಾಗಿ.

ನಾಗವೇಣಿಯನ್ನು ಮನೆಯಲ್ಲೇ ಬಿಟ್ಟು, ಅಪ್ಪನ ಮತ್ತು ನನ್ನ ಜೊತೆ ಕಾರವಾರದವರೆಗೆ ಅವಳು ಬಸ್ಸಿನಲ್ಲೇ ಬಂದಳು. ಅಲ್ಲಿಂದ ದಿಲ್ಲಿಗೆ ಬಸ್ಸಿಲ್ಲ ಅಂತ ಅಪ್ಪ ಪ್ರಮಾಣ ಮಾಡಿ ಹೇಳಿದ ಮೇಲೆ ರೈಲು ಹತ್ತಿದಳು. ಮೊದಲ ಸುರಂಗ ಬಂದಾಗ ಸೆರಗಿನಿಂದ ಮುಖ ಮುಚ್ಚಿಕೊಂಡು ನನ್ನ ಮುಂಗೈ ಹಿಡಿದಳು. ಗದ್ದೆ ಕೆಲಸದ ಕೈ. ಸುರಂಗ ಮುಗಿದಾಗ ನನ್ನ ಗಾಜಿನ ಬಳೆಗಳಲ್ಲಿ ಒಂದು ಒಡೆದುಹೋಗಿತ್ತು. ಗೋವೆ ದಾಟಿದರೂ ಸುರಂಗಗಳು ಬರುತ್ತಲೇ ಇದ್ದವು. ಬೆಳಕು, ಕತ್ತಲೆ, ಮತ್ತೆ ಬೆಳಕು. ರತ್ನಾಗಿರಿಯ ಹತ್ತಿರ ಒಂದು ಸುರಂಗ ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು ಉದ್ದವಿತ್ತು. ಎದುರು ಸೀಟಿನ ಮರಾಠಿ ಹೆಂಗಸಿನ ಕೂಸು ಆ ಕತ್ತಲೆಗೆ ಹೆದರಿ ಚೀರತೊಡಗಿತು. ತಾಯಿ ಎಷ್ಟು ತಟ್ಟಿದರೂ ಸುಮ್ಮನಾಗಲಿಲ್ಲ. ಆಗ ನನ್ನ ಮುಂಗೈಯ ಹಿಡಿತ ಸಡಿಲವಾಯಿತು. ಗಂಗಕ್ಕ ಸೆರಗು ತೆಗೆದು ಮುಂದೆ ಬಗ್ಗಿದಳು. ಸಣ್ಣ ದನಿಯಲ್ಲಿ ತೊಟ್ಟಿಲ ಹಾಡು ಹಾಡತೊಡಗಿದಳು. ಕೂಸಿಗೆ ಕನ್ನಡ ಬರುತ್ತಿರಲಿಲ್ಲ, ಹಾಡಿಗೆ ಅದು ಬೇಕಾಗಿರಲೂ ಇಲ್ಲ. ರೈಲು ಬೆಳಕಿಗೆ ಬಂದಾಗ ಕೂಸು ಗಂಗಕ್ಕನ ಕೊರಳಿನ ಮಣಿಸರ ಹಿಡಿದು ಎಳೆಯುತ್ತಿತ್ತು.

"ಇದು ಹೊಲಿಗೆ ಹಾಕ್ದಂಗೆ ಹೋಗ್ತದೆ ಅಲ್ದಾ ತಂಗಿ?" ಅಂದಳು ಸ್ವಲ್ಪ ಹೊತ್ತಿನ ಮೇಲೆ, ಕಿಟಕಿಯ ಹೊರಗೆ ನೋಡುತ್ತ. "ಒಳಗೆ, ಹೊರಗೆ. ಒಳಗೆ, ಹೊರಗೆ."

ಮುಂದೆ ಬಂದ ಸುರಂಗಗಳಲ್ಲಿ ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಕೈ ಮಾತ್ರ ಬಿಡಲಿಲ್ಲ.

ಇನ್ನು ನನ್ನ ಹಿಂದಿಯ ಕತೆ. ನನ್ನನ್ನು ಕರೆದುಕೊಂಡು ಹೋದದ್ದೇ ಮಾತಾಡಲು. ದಿಲ್ಲಿಯಲ್ಲಿ ಚಿಕ್ಕಪ್ಪ ನಮ್ಮನ್ನು ತನ್ನ ಕೋಣೆಗೆ ಕರೆದೊಯ್ದು, ಮಾರನೇ ಬೆಳಿಗ್ಗೆ ಕಾಶ್ಮೀರಿ ಗೇಟಿನ ಮೆಟ್ರೊ ನಿಲ್ದಾಣಕ್ಕೆ ತಂದ. ಗಂಗಕ್ಕ ಈರುಳ್ಳಿಯ ಗೊಂಚಲನ್ನು ಕೋಣೆಯಲ್ಲಿ ಬಿಡಲು ಒಪ್ಪಲಿಲ್ಲ. ಅದು ಚಿಕ್ಕಪ್ಪನನ್ನು ದಿಲ್ಲಿಗೆ ಕರೆಸಿದ ಮೇಸ್ತ್ರಿಯ ಹೆಂಡತಿಗೆ ಅಂತೆ, ತಾನೇ ಕೈಯಾರೆ ಕೊಡಬೇಕಂತೆ. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಪೋಲೀಸನು ಗೊಂಚಲು ಹೊರಗೆಳೆದು, ಇದೇನು ಅಂದ. ನಾನು ಪರೀಕ್ಷೆಗಳ ಬಲವನ್ನೆಲ್ಲ ಒಟ್ಟುಗೂಡಿಸಿ ಮುಂದೆ ಬಂದೆ. ಆ ಹೊತ್ತಿಗೆ ಸರಿಯಾಗಿ 'ಪ್ಯಾಜ್' ಎಂಬ ಶಬ್ದ ತಲೆಯಿಂದ ಹಾರಿಹೋಯಿತು. ಉಳಿದದ್ದು ಈರುಳ್ಳಿಗೆ ಸಂಸ್ಕೃತದವರು ಇಟ್ಟ ಹೆಸರೊಂದೇ. "ಮಹೋದಯ್, ಇಸ್ ಥೈಲೀ ಮೇಂ ಕೇವಲ್ ಪಲಾಂಡು ಹೈ" ಅಂದೆ. ಪೋಲೀಸನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹಿಂದೆ ನಿಂತ ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಗಂಗಕ್ಕ ಒಂದು ಈರುಳ್ಳಿ ಮುರಿದು, ಸಿಪ್ಪೆ ಬಿಡಿಸಿ, ಅವನ ಕೈಗಿಟ್ಟು, "ತಿನ್ನು ಮಗ, ಸಿಹಿ ಅದೆ" ಅಂದಳು. ಅವನು ಮೂಸಿ ನೋಡಿ, ನಕ್ಕು, ಹೋಗಿ ಅಂತ ಕೈ ಮಾಡಿದ. ನನ್ನ ಹಿಂದಿ ಅಲ್ಲಿಗೆ ನಿವೃತ್ತಿಯಾಯಿತು.

ಒಳಗಿನ ನೆಲ ಕನ್ನಡಿಯ ಹಾಗಿತ್ತು. ಗಂಗಕ್ಕ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಚಿಕ್ಕಪ್ಪ ಬೇಡ ಅನ್ನಲಿಲ್ಲ. ತಾನೂ ಕಳಚಿ ಕೈಯಲ್ಲಿ ಹಿಡಿದುಕೊಂಡ. ಅವನು ಹಾಗೆ ಮಾಡಿದ್ದು ನೋಡಿ ಅಪ್ಪನೂ, ಅಪ್ಪ ಮಾಡಿದ್ದಕ್ಕೆ ನಾನೂ. ನಾಲ್ಕು ಜನ ಬರಿಗಾಲಲ್ಲಿ ದಿಲ್ಲಿಯ ನೆಲದಡಿಗೆ ಇಳಿದೆವು.

ಗಾಡಿ ಬಂತು. ಬಾಗಿಲು ತಾನೇ ತೆರೆದುಕೊಂಡು ತಾನೇ ಮುಚ್ಚಿಕೊಂಡಿತು. ಕಿಟಕಿಯಾಚೆ ಕಪ್ಪು ಬಿಟ್ಟರೆ ಏನೂ ಇಲ್ಲ, ಗಾಜಿನಲ್ಲಿ ನಮ್ಮ ಮುಖಗಳೇ ತೇಲುತ್ತಿದ್ದವು. ಚಿಕ್ಕಪ್ಪ ಮೆಲ್ಲಗೆ ಹೇಳುತ್ತ ಹೋದ, ಈಗ ನಮ್ಮ ತಲೆಯ ಮೇಲೆ ಹಳೇ ರೈಲು ನಿಲ್ದಾಣ, ಈಗ ಬಟ್ಟೆ ಅಂಗಡಿ, ಈಗ ಮಿಠಾಯಿ ಅಂಗಡಿ. ಗಂಗಕ್ಕ ಪ್ರತಿ ಸಲವೂ ಕತ್ತೆತ್ತಿ ಚಾವಣಿ ನೋಡಿದಳು. ಚಾವ್ಡಿ ಬಜಾರಿನಲ್ಲಿ ಇಳಿಸಿದ.

"ಇದೇ ಎಲ್ಲಕ್ಕಿಂತ ಆಳದ್ದಾ?" ಕೇಳಿದಳು.

"ಹೌದು ಗಂಗಕ್ಕ. ಇಲ್ಲಿ ಬಂಡೆ ಇತ್ತು, ಬಹಳ ಕಷ್ಟ ಆಗಿತ್ತು."

ಅವಳು ಗೋಡೆಯ ಹತ್ತಿರ ಹೋಗಿ ಅಂಗೈ ಊರಿ ನಿಂತಳು. ಆಮೇಲೆ ತಿರುಗದೆಯೇ ಕೇಳಿದಳು, "ನಿಂಗೆ ಹೆದ್ರಿಕೆ ಆಗೂದಿಲ್ಲನಾ ಈಶ್ವರ?"

ಅವಳು ಅವನ ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

"ಆಗ್ತದೆ" ಅಂದ ಚಿಕ್ಕಪ್ಪ. "ದಿನಾ ಇಳಿಯುವಾಗ ಆಗ್ತದೆ. ಹೆದ್ರಿಕೆ ಇಲ್ಲದೋರ ಜೊತೆ ನಾನು ಕೆಲಸ ಮಾಡೂದಿಲ್ಲ."

ಅವನು ಸುಳ್ಳು ಹೇಳುತ್ತಾನೆಂದು ನಾನು ಕಾದಿದ್ದೆ. ಅಪ್ಪನೂ ಕಾದಿದ್ದರು ಅನ್ನಿಸುತ್ತದೆ. ಗಂಗಕ್ಕ ಬಂದು ಕಲ್ಲಿನ ಕಟ್ಟೆಯ ಮೇಲೆ ಕೂತಳು. ಚಪ್ಪಲಿಯನ್ನು ಪಕ್ಕದಲ್ಲಿ ಇಟ್ಟಳು.

"ಹೋಗುವನಾ?" ಅಂತ ಅಪ್ಪ ಕೇಳಿದರು.

"ಕೂತಿರ್ತೆ ಮಾಸ್ತರ್ರೆ."

ಗಾಡಿಗಳು ಬಂದವು, ಹೋದವು. ಬರುವ ಮುಂಚೆ ಕತ್ತಲೆಯ ಬಾಯಿಂದ ಗಾಳಿ ಬಂದು ಅವಳ ಸೆರಗು ಹಾರಿಸುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಜನ ಹೊರಗೆ ಬರುತ್ತಿದ್ದರು. ಶಾಲೆಯ ಹುಡುಗಿಯರು, ಕಡತ ಹಿಡಿದ ಗುಮಾಸ್ತರು, ಊರುಗೋಲಿನ ಮುದುಕ, ಜಗಳವಾಡುತ್ತ ಬಂದ ಗಂಡಹೆಂಡತಿ, ತಲೆಯ ಮೇಲೆ ದೊಡ್ಡ ಪೆಟ್ಟಿಗೆ ಹೊತ್ತವನು. ಯಾರಿಗೂ ತಾವು ಮಣ್ಣಿನ ಕೆಳಗಿನಿಂದ ಬರುತ್ತಿದ್ದೇವೆ ಎಂಬ ಅರಿವೇ ಇರಲಿಲ್ಲ. ಆಕಳಿಸುತ್ತ, ತಲೆ ತುರಿಸಿಕೊಳ್ಳುತ್ತ, ತಡವಾಯಿತು ಅಂತ ಗೊಣಗುತ್ತ ಮೆಟ್ಟಿಲು ಹತ್ತಿ ಬೆಳಕಿಗೆ ಹೋಗುತ್ತಿದ್ದರು. ಗಂಗಕ್ಕ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಜಾತ್ರೆಯಲ್ಲಿ ತಪ್ಪಿಸಿಕೊಂಡವರನ್ನು ಹುಡುಕುವಾಗ ನೋಡುತ್ತಾರಲ್ಲ, ಹಾಗೆ.

ಎಷ್ಟು ಹೊತ್ತು ಕೂತಳೋ. ಚಿಕ್ಕಪ್ಪ ಕಂಬಕ್ಕೆ ಒರಗಿ ನಿಂತಿದ್ದ, ಹತ್ತಿರ ಬರಲಿಲ್ಲ. ಕೊನೆಗೆ ಅವಳು ನನ್ನ ಕಡೆ ತಿರುಗಿ, ಗುಟ್ಟು ಹೇಳುವ ಹಾಗೆ ಅಂದಳು:

"ಹೋದೋರೆಲ್ಲ ತಿರುಗಿ ಬತ್ತಾ ಇದ್ದಾರೆ ತಂಗಿ."

ಅವಳ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡು, "ಮೇಲೆ ಹೋಗುವ" ಅಂದಳು.

ಹರಿಯುವ ಮೆಟ್ಟಿಲುಗಳು ನಮ್ಮನ್ನು ಎತ್ತಿಕೊಂಡು ಮೇಲೆ ಮೇಲೆ ಹೋದವು. ಹೊರಗೆ ಬಿಸಿಲು, ರಿಕ್ಷಾದ ಗಂಟೆ, ಕೂಗಾಟ. ಆ ಬೀದಿಯ ತುಂಬ ಮದುವೆಯ ಕರೆಯೋಲೆ ಮಾರುವ ಅಂಗಡಿಗಳು. ಕೆಂಪು, ಹಳದಿ, ಬಂಗಾರದ ಅಂಚಿನವು ದಾರಕ್ಕೆ ಸಿಕ್ಕಿಸಿ ಬಾಗಿಲು ಬಾಗಿಲಿಗೂ ತೂಗುಹಾಕಿದ್ದರು. ಗಾಳಿಗೆ ಎಲ್ಲ ಒಟ್ಟಿಗೆ ಅಲುಗುತ್ತಿದ್ದವು. ಚಿಕ್ಕಪ್ಪ ದಿಲ್ಲಿಯಲ್ಲಿ ಬೇರೆ ಬೀದಿಯೇ ಇಲ್ಲದ ಹಾಗೆ ನಮ್ಮನ್ನು ಇಲ್ಲಿಗೆ ತಂದನಲ್ಲ ಅಂತ ನನಗೆ ನಾಚಿಕೆಯಾಯಿತು. ಅವನ ಕಿವಿ ಕೆಂಪಾಗಿತ್ತು. ಗಂಗಕ್ಕ ಅವು ಏನೆಂದು ಕೇಳಿದಳು. ಹೇಳಿದೆ. "ಹಂಗಾ" ಅಂದು, ಒಂದನ್ನೂ ಮುಟ್ಟದೆ ಮುಂದೆ ನಡೆದುಬಿಟ್ಟಳು. ಅಪ್ಪ ನಿಟ್ಟುಸಿರು ಬಿಟ್ಟರು.

ಮೂಲೆಯಲ್ಲಿ ಒಂದು ಫೋನಿನ ಅಂಗಡಿಯಿತ್ತು. ಅವಳು ಅಲ್ಲಿ ನಿಂತು, ತಮ್ಮ ಮನೆಯ ಪಕ್ಕದ ಅಂಗಡಿಗೆ ಫೋನು ಹಚ್ಚಿ ಕೊಡು ಅಂದಳು. ಹಚ್ಚಿ ಕೊಟ್ಟೆ. ಅತ್ತ ಕಡೆ ಯಾರೋ ನಾಗವೇಣಿಯನ್ನು ಕೂಗಿದರು, ಅವಳು ಓಡಿ ಬಂದ ಏದುಸಿರು ಪಕ್ಕದಲ್ಲಿ ನಿಂತ ನಮಗೂ ಕೇಳುವಷ್ಟಿತ್ತು. ದಿಲ್ಲಿ ದೂರವಲ್ಲವೇ, ಗಂಗಕ್ಕ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಮಾತಾಡಿದಳು.

"ನಾಗೂ, ನಿನ್ನ ಅಳತೆ ಪೋಲ್ಕ ಎಲ್ಲಿಟ್ಟಿದ್ದೆ? ನಾ ತರೂಕೆ ಮರ್ತು ಬಂದೆ. ಇಲ್ಲಿ ಒಳ್ಳೆ ಜರಿ ಬಟ್ಟೆ ಇದ್ದಂಗಿದೆ. ಧಾರೆ ಸೀರೆಗೆ ಬೇಕಲ್ಲ."

ಅತ್ತ ಕಡೆ ಏದುಸಿರೂ ನಿಂತಿತು. ಗಂಗಕ್ಕ ಫೋನನ್ನು ಒಮ್ಮೆ ಅಲುಗಿಸಿ ಮತ್ತೆ ಕಿವಿಗಿಟ್ಟಳು. "ಕೇಳ್ತಾ? ಎಷ್ಟು ಬಟ್ಟೆ ಬೇಕು ಹೇಳೆ!"

ಆಮೇಲೆ ನಾಗವೇಣಿಯ ದನಿ ಬಂತು. ಮೊದಲು ಸಣ್ಣಗೆ, ಆಮೇಲೆ ಪೂರ್ತಿ ನಗುತ್ತ. ತೋಳು ಇಷ್ಟು, ಬೆನ್ನು ಇಷ್ಟು, ಅಂಚು ಇಷ್ಟು ಅಂತ ಅವಳು ಹೇಳುತ್ತ ಹೋದಳು. ಗಂಗಕ್ಕ ಒಂದೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳಿದಳು. ಚಿಕ್ಕಪ್ಪ ಫೋನಿನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಆ ಅಳತೆಗಳನ್ನೆಲ್ಲ ಕೇಳಿಸಿಕೊಂಡ.